ಕೆಲಸವಿಲ್ಲದ ನಾಯಿಗೆ ಕೆಲಸ ಕೊಡಿರಿ

‘ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಸುತ್ತುವ ಮನುಷ್ಯರನ್ನು ಕುರಿತು ಆಡಿದರು. ಆದರೆ ಅದನ್ನು ನಾಯಿಯ ವಿಷಯದಲ್ಲಿಯೇ ನಿಜವೆಂದು ತಿಳಿದು ನೋಡಿದರೆ, ಅನೇಕ ಮನೆಗಳ ಒಂದು ತೊಂದರೆಯ ಮೂಲವು ಅದರಲ್ಲಿ ದೊರೆಯುತ್ತದೆ. ಕೆಲಸವಿಲ್ಲದುದರಿಂದಲೇ ಆ ಪ್ರಾಣಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಚಪ್ಪಲಿ ಹರಿಯುವುದು, ಹಿತ್ತಲು ಕೆದರುವುದು, ಬಾಗಿಲು ಕೆರೆಯುವುದು ಇವೆಲ್ಲ ಅದರ ಫಲ. ಅಂಥ ಮನೆಯಲ್ಲಿ ಬೆಕ್ಕೂ ಇದ್ದರೆ ಪಡಸಾಲೆಯು ಹಗಲಿರುಳು ರಣರಂಗವೇ ಸರಿ.

ಗದಗ ಜಿಲ್ಲೆಗೆ ತಾಗಿದ ಬಾಗಲಕೋಟೆ ಜಿಲ್ಲೆಯ ಮುಧೋಳವು ಬೇಟೆನಾಯಿಗೆ ಹೆಸರಾದ ಊರು. ಈ ತಳಿಯನ್ನು ಪೋಷಿಸಿದ ಕೀರ್ತಿ ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆಯವರಿಗೆ ಸಲ್ಲುತ್ತದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಉದ್ದ ಕಾಲು, ಸೊರಗಿದ ಸೊಂಟ, ದೂರದ ಚಲನೆಯನ್ನು ಥಟ್ಟನೆ ಗುರುತಿಸುವ ಕಣ್ಣು. ಬಯಲಿನಲ್ಲಿ ಮೊಲವನ್ನು ಕಂಡು ಬೆನ್ನಟ್ಟುವುದಕ್ಕಾಗಿಯೇ ಅದರ ದೇಹ ರೂಪುಗೊಂಡಿದೆ. ಬಯಲುಸೀಮೆಯ ಕುರಿಹಟ್ಟಿಯಲ್ಲಿ ಅಂಥ ನಾಯಿಗೆ ದಿನವಿಡೀ ಉದ್ಯೋಗ ಉಂಟು. ಅದೇ ನಾಯಿಯನ್ನು, ಅಥವಾ ಅದರ ರಕ್ತ ಬೆರೆತ ಮರಿಯನ್ನು, ಬೆಟಗೇರಿಯ ಓಣಿಯ ಎರಡಂಕಣದ ಮನೆಗೆ ತಂದರೆ ಅದು ಬೆನ್ನಟ್ಟುವುದಾದರೂ ಯಾವುದನ್ನು? ಮನೆಯೊಳಗೆ ಓಡುವ ಪ್ರಾಣಿ ಬೆಕ್ಕೊಂದೇ. ನಾವು ಹಗೆತನವೆಂದು ಕರೆಯುವುದು ಬಹುಮಟ್ಟಿಗೆ ನಾಯಿಯ ನಿರುದ್ಯೋಗವೇ ಆಗಿರುತ್ತದೆ.

ಇದನ್ನು ಅಲಕ್ಷಿಸಿದರೆ ಕೆಡುಕು ದೊಡ್ಡದು. ಬೇಟೆನಾಯಿಯ ದವಡೆಗೆ ಸಿಕ್ಕ ಬೆಕ್ಕು ಬದುಕುವುದು ಕಷ್ಟ. ಬೇಸತ್ತ ಮನೆಯವರು ನಾಯಿಯನ್ನು ಊರ ಹೊರಗೆ ಬಿಟ್ಟು ಬರುವುದುಂಟು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿದ ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮವಾಗಿದೆ. ಬಿಟ್ಟುಹೋದ ನಾಯಿಗಳು ಅಲ್ಲಿಯ ತೋಳಗಳಿಗೆ ರೋಗ ಹರಡಬಲ್ಲವು.

ಮೂಗಿಗೆ ಉದ್ಯೋಗ

ಹಾಗಾದರೆ ಮನೆಯೊಳಗೆ ನಾಯಿಗೆ ಯಾವ ಕೆಲಸ ಕೊಡುವುದು? ಕೇವಲ ಓಡಿಸಿ ದಣಿಸಿದರೆ ಸಾಲದು. ಓಡಿದಷ್ಟೂ ಅದರ ಕಸುವು ಹೆಚ್ಚುತ್ತದೆ. ಮೂಗಿಗೆ ಕೆಲಸ ಕೊಡುವುದೇ ಸುಲಭೋಪಾಯ. ಕಣ್ಣಿನಿಂದ ಬೇಟೆಯಾಡುವ ನಾಯಿಯ ಮೂಗು ಸಹ ನಮ್ಮ ಮೂಗಿಗಿಂತ ಎಷ್ಟೋ ಚುರುಕು. ಶಾರ್ಲೆಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿಯರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೆಲವು ಸಾಕುನಾಯಿಗಳಿಗೆ ಎರಡು ವಾರ ವಾಸನೆ ಹಿಡಿದು ತಿನಿಸು ಹುಡುಕುವ ಅಭ್ಯಾಸವನ್ನೂ, ಉಳಿದವಕ್ಕೆ ಒಡೆಯನ ಪಕ್ಕದಲ್ಲಿ ಶಿಸ್ತಿನಿಂದ ನಡೆಯುವ ಅಭ್ಯಾಸವನ್ನೂ ಮಾಡಿಸಿದರು. ಆಮೇಲೆ ತಿನಿಸು ಇದೆಯೋ ಇಲ್ಲವೋ ಎಂಬ ಸಂದೇಹದ ಬಟ್ಟಲನ್ನು ಮುಂದಿಟ್ಟಾಗ, ಮೂಗಿನ ಅಭ್ಯಾಸ ಮಾಡಿದ ನಾಯಿಗಳು ಮೊದಲಿಗಿಂತ ಬೇಗ, ಆಸೆಯಿಂದ ಅದರತ್ತ ಸಾಗಿದವು.

ಇದಕ್ಕೆ ಪೇಟೆಯ ಆಟಿಕೆಗಳೇ ಬೇಕೆಂದಿಲ್ಲ. ನಾಯಿಯ ದಿನದ ಊಟದಲ್ಲಿ ಒಂದು ಪಾಲನ್ನು ಬಟ್ಟಲಿಗೆ ಹಾಕದೆ ತೆಗೆದಿಡಿರಿ. ಜೋಳದ ಕಡಕ್ ರೊಟ್ಟಿಯ ಚೂರುಗಳಾದರೂ ಆದೀತು. ಮೊದಲ ದಿನ ಅದರ ಕಣ್ಣೆದುರೇ ನೆಲದ ಮೇಲೆ ಚೆಲ್ಲಿರಿ. ಎರಡನೆಯ ದಿನ ಹಳೆಯ ಧೋತರದ ಮಡಿಕೆಗಳಲ್ಲಿ ಇಡಿರಿ. ಬಳಿಕ ಮೂರು ತೆಂಗಿನ ಕರಟಗಳನ್ನು ಬೋರಲು ಹಾಕಿ, ಒಂದರ ಕೆಳಗೆ ಮಾತ್ರ ತಿನಿಸು ಇರಲಿ. ಕೊನೆಗೆ ಬೇರೆ ಕೋಣೆಯಲ್ಲಿ ಬಚ್ಚಿಟ್ಟು ಹುಡುಕಿಸಿರಿ. ದಿನಕ್ಕೆರಡು ಸಲ, ಹತ್ತು ಹದಿನೈದು ನಿಮಿಷ ಸಾಕು. ದಿಕ್ಕುಗಾಣದೆ ನಿಂತರೆ ಆಟವನ್ನು ಸುಲಭ ಮಾಡಬೇಕು. ಬೇಸರ ಬರುವ ಮುನ್ನವೇ ನಿಲ್ಲಿಸಬೇಕು. ಬಟ್ಟೆಯನ್ನು ನುಂಗದಂತೆ ಎದುರಿಗಿದ್ದು ನೋಡಿಕೊಳ್ಳಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷವೆಂಬುದನ್ನು ಮರೆಯಬಾರದು.

ಬೆಕ್ಕಿನ ಪಾಲು

ಬೆಕ್ಕಿನ ಸ್ವಭಾವವೇ ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸಂಶೋಧಕರು 2021ರಲ್ಲಿ ಕಂಡುಕೊಂಡಂತೆ, ಹೆಚ್ಚಿನ ಬೆಕ್ಕುಗಳು ಒಗಟು ಬಿಡಿಸಿ ಉಣ್ಣುವುದಕ್ಕಿಂತ ತಟ್ಟೆಯಲ್ಲಿಟ್ಟುದನ್ನೇ ಉಣ್ಣಲು ಬಯಸುತ್ತವೆ. ಅವಕ್ಕೆ ಬೇಕಾದುದು ಎತ್ತರದ ಒಂದು ನೆಲೆ. ಹಳೆಯ ಮಾಳಿಗೆಮನೆಯಲ್ಲಿ ಗೋಡೆಯ ಮಾಡ ಇದೆ, ಅಟ್ಟ ಇದೆ. ಹೊಸ ಮನೆಯಲ್ಲಿ ನಾಯಿಗೆ ನಿಲುಕದ ಹಲಗೆಯೊಂದನ್ನು ಗೋಡೆಗೆ ಹೊಡೆಸಬಹುದು. ಬೆಕ್ಕಿನ ಊಟವೂ ಅಲ್ಲಿಯೇ ಆಗಲಿ. ನಾಯಿಯು ತಿನಿಸು ಹುಡುಕುವಾಗ ಬೆಕ್ಕು ಬೇರೆ ಕೋಣೆಯಲ್ಲಿದ್ದರೆ ಕ್ಷೇಮ.

ಪರಿಚಯವೂ ಮೂಗಿನಿಂದಲೇ ಆರಂಭವಾಗಲಿ. ಕೆಲವು ದಿನ ಒಂದರ ಹಾಸುಬಟ್ಟೆಯನ್ನು ಇನ್ನೊಂದರ ಬಳಿ ಹಾಕಿರಿ. ಅನಂತರ ನಾಯಿಯನ್ನು ಹಗ್ಗದಲ್ಲಿ ಹಿಡಿದು ದೂರದಿಂದ ತೋರಿಸಿರಿ. ಅದು ಬೆಕ್ಕನ್ನು ನೋಡಿ ಮತ್ತೆ ನಿಮ್ಮತ್ತ ತಿರುಗಿದ ಕ್ಷಣವೇ ತುತ್ತು ಕೊಡಬೇಕು. ಮೈ ಬಿಗಿದು ಎವೆಯಿಕ್ಕದೆ ನೋಡತೊಡಗಿದರೆ, ಗದರಿಸದೆ ಇನ್ನಷ್ಟು ದೂರ ಕರೆದೊಯ್ಯಬೇಕು. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲರ್ ತಮ್ಮ 1965ರ ಗ್ರಂಥದಲ್ಲಿ, ಮರಿಯ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲವನ್ನು ಸಹವಾಸ ಕಲಿಯುವ ಕಾಲವೆಂದು ಗುರುತಿಸಿದರು. ಆ ವಯಸ್ಸಿನಲ್ಲಿ ಬೆಕ್ಕನ್ನು ಕಂಡ ಮರಿಗೆ ಈ ಪಾಠ ಸುಲಭ. ಒಮ್ಮೆ ಬೆಕ್ಕನ್ನು ಕೊಂದ ನಾಯಿಯನ್ನು ಮಾತ್ರ ಎಷ್ಟೇ ಪಳಗಿಸಿದರೂ ಬೆಕ್ಕಿನೊಡನೆ ಒಂಟಿಯಾಗಿ ಬಿಡಲಾಗದು. ಅಲ್ಲಿ ಮುಚ್ಚಿದ ಬಾಗಿಲೇ ಕಾವಲು.

ಹೊರಗಿನ ತಿರುಗಾಟವನ್ನೂ ಬಿಡುವಂತಿಲ್ಲ. ಬೇಸಗೆಯಲ್ಲಿ ಬಿಸಿಲೇರುವ ಮುನ್ನ ಹೊರಟು, ದಾರಿಯುದ್ದಕ್ಕೂ ಅದು ಮೂಸಿದಷ್ಟು ಹೊತ್ತು ನಿಲ್ಲಲು ಬಿಡಿರಿ. ಶಿರಹಟ್ಟಿ ಲಕ್ಷ್ಮೇಶ್ವರಗಳ ಕಡೆಯವರು ಮಾಗಡಿ ಕೆರೆಯತ್ತ ಮಾತ್ರ ನಾಯಿಯನ್ನು ಒಯ್ಯದಿರುವುದು ಲೇಸು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ತಂಗುತ್ತವೆ; 2024ರಲ್ಲಿ ಆ ಕೆರೆಯು ರಾಮ್ಸಾರ್ ಪಟ್ಟಿಗೂ ಸೇರಿತು.

ನೆಟ್ಟಗಿದ್ದ ನಾಯಿ ಒಮ್ಮೆಲೇ ಚಡಪಡಿಸತೊಡಗಿದರೆ ನೋವೋ ರೋಗವೋ ಕಾರಣವಿರಬಹುದು, ಪಶುವೈದ್ಯರಿಗೆ ತೋರಿಸತಕ್ಕದ್ದು. ಉಳಿದ ಮನೆಗಳಲ್ಲಿ ಈ ಸಂಜೆಯೇ ಆರಂಭಿಸಬಹುದು. ಬೆಕ್ಕನ್ನು ಅಟ್ಟಕ್ಕೆ ಕಳಿಸಿ, ಅರ್ಧ ರೊಟ್ಟಿಯನ್ನು ಮುರಿದು ಧೋತರದಲ್ಲಿ ಬಚ್ಚಿಡಿರಿ. ಅಡಗಿಸಿಡುವ ಕೆಲಸವನ್ನು ಮನೆಯ ಮಕ್ಕಳಿಗೇ ವಹಿಸಿರಿ.