ಒಂದು ಅಂಕದ ಪ್ರಶ್ನೆಯಾಚೆಗಿನ ಅಜ್ಜಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಸಾಲುಮರದ ತಿಮ್ಮಕ್ಕ ಬಾಯಿಪಾಠ. ಎಷ್ಟು ಮರ? 385. ಯಾವ ಮರ? ಆಲ. ಎಲ್ಲಿಂದ ಎಲ್ಲಿಗೆ? ಹುಲಿಕಲ್‌ನಿಂದ ಕುದೂರಿಗೆ. ಪದ್ಮಶ್ರೀ ಯಾವಾಗ? 2019. ಓಎಂಆರ್ ಹಾಳೆಯಲ್ಲಿ ಒಂದು ಗುಂಡಿ ತುಂಬಿದರೆ ಅಜ್ಜಿಯ ಕಥೆ ಮುಗಿಯಿತು, ಮುಂದಿನ ಪ್ರಶ್ನೆ.

ಆದರೆ ನಮ್ಮ ಹಾಸನ ಜಿಲ್ಲೆಯವರಿಗೆ ತಿಮ್ಮಕ್ಕ ಪ್ರಶ್ನೆಪತ್ರಿಕೆಯವರಷ್ಟೇ ಅಲ್ಲ. ಅವರ ಸಾಕುಮಗ ಉಮೇಶ್ ಬೇಲೂರು ತಾಲ್ಲೂಕಿನ ಬಳ್ಳೂರಿನವರು. ಹೀಗಾಗಿ ಅಜ್ಜಿ ಮುಪ್ಪಿನ ಕೆಲವು ವರ್ಷ ಬೇಲೂರು ಸೀಮೆಯಲ್ಲೇ ಇದ್ದರು. ನಮ್ಮ ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿದರೆ ಬೇಲೂರು. ಶಿಲಾಬಾಲಿಕೆಯರನ್ನು ನೋಡಲು ದೇಶವೇ ಬರುವ ಊರ ಪಕ್ಕದಲ್ಲಿ ಇಂಥ ಒಂದು ಜೀವ ಇತ್ತು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ!

ನಮ್ಮ ಮನೆಯಲ್ಲೂ ಒಬ್ಬ ಅಜ್ಜಿ ಇದ್ದರು. ಆಷಾಢದಲ್ಲಿ ಮಾಲೇಕಲ್ಲು ತಿರುಪತಿಯ ಜಾತ್ರೆ ಬಂದರೆ ಅವರಿಗೆ ಮೊಣಕಾಲು ನೋವು ಮರೆತುಹೋಗುತ್ತಿತ್ತು. ಬೆಟ್ಟದ ಮೇಲೆ ವೆಂಕಟರಮಣ, ಹತ್ತಲು ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು. ಒಂದು ಚೊಂಬು ನೀರು ಹಿಡಿದು ಹೊರಡುತ್ತಿದ್ದರು. ಇಳಿಯುವಾಗ ಉಳಿದ ನೀರನ್ನು ಬಂಡೆಯ ಸಂದಿಯಲ್ಲಿ ಹುಟ್ಟಿದ ಯಾವುದೋ ಗಿಡದ ಬುಡಕ್ಕೆ ಸುರಿದೇ ಬರುವುದು. ತಿಮ್ಮಕ್ಕನಿಗೆ ಪದ್ಮಶ್ರೀ ಕೊಟ್ಟ ದಿನ ಟೀವಿಯಲ್ಲಿ ಆ ದೃಶ್ಯ ನೋಡಿದ್ದು ಅವರ ಜೊತೆಯಲ್ಲೇ. ರಾಷ್ಟ್ರಪತಿ ರಾಮನಾಥ ಕೋವಿಂದ್ ಪ್ರಶಸ್ತಿ ಕೊಡಲು ನಿಂತಿದ್ದಾರೆ, ತಿಮ್ಮಕ್ಕ ಕೈ ಎತ್ತಿ ಅವರ ಹಣೆ ಮುಟ್ಟಿ ಆಶೀರ್ವಾದ ಮಾಡಿಬಿಟ್ಟರು! ಇಡೀ ದೇಶ ಅದನ್ನು ಸುದ್ದಿ ಮಾಡಿತು. ನಮ್ಮಜ್ಜಿಗೆ ಮಾತ್ರ ಅದರಲ್ಲಿ ಸುದ್ದಿ ಏನೂ ಕಾಣಲಿಲ್ಲ. 'ಚಿಕ್ಕೋರು ಎದುರಿಗೆ ನಿಂತ್ರೆ ಇನ್ನೇನ್ ಮಾಡ್ತಾರೆ' ಅಂದು ಅವರೆಕಾಳು ಬಿಡಿಸುವುದನ್ನು ಮುಂದುವರಿಸಿದರು.

ಆ ಕೈ ಏನು ಮಾಡಿದ ಕೈ ಎಂದು ನೋಡೋಣ. ತಿಮ್ಮಕ್ಕ ಹುಟ್ಟಿದ್ದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನಲ್ಲಿ. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡಿದರು. ಮಾಗಡಿ ತಾಲ್ಲೂಕಿನ ಹುಲಿಕಲ್‌ನ ಚಿಕ್ಕಯ್ಯನವರನ್ನು ಮದುವೆಯಾದರು. ಮಕ್ಕಳಾಗಲಿಲ್ಲ. ಹಳ್ಳಿಯಲ್ಲಿ ಮಕ್ಕಳಿಲ್ಲದ ಹೆಂಗಸು ಯಾವ ಮಾತು ಕೇಳಬೇಕಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ, ಈಗಲೂ ಅದೇನೂ ನಿಂತಿಲ್ಲ. ನಮ್ಮ ಕಡೆ ಅಂಥವರಿಗೆ ಅಶ್ವತ್ಥಕಟ್ಟೆ ಸುತ್ತು ಎನ್ನುತ್ತಾರೆ, ಹರಕೆ ಹೊರು ಎನ್ನುತ್ತಾರೆ. ತಿಮ್ಮಕ್ಕ, ಚಿಕ್ಕಯ್ಯ ಮರ ಸುತ್ತುವ ಬದಲು ಮರವನ್ನೇ ಮಕ್ಕಳು ಮಾಡಿಕೊಂಡರು. ಬೇರೆಯವರ ಭಕ್ತಿಯ ಮೇಲೆ ನನಗೆ ತಕರಾರಿಲ್ಲ, ನಮ್ಮಜ್ಜಿಯನ್ನು ನೋಡಿಯೇ ಬೆಳೆದವಳು ನಾನು. ಆದರೂ ಇವರ ಭಕ್ತಿ ಬೇರೆ ಬಗೆಯದು ಅನ್ನಿಸುತ್ತದೆ. ಇದರಲ್ಲಿ ಬೇಡಿಕೆ ಇಲ್ಲ.

ಇಲ್ಲಿ ಪರೀಕ್ಷೆಗೆ ಬರದ ಮೂರು ಸಂಖ್ಯೆ ಹೇಳುತ್ತೇನೆ. ಮೊದಲ ವರ್ಷ ನೆಟ್ಟದ್ದು 10 ಸಸಿ. ಎರಡನೇ ವರ್ಷ 15. ಮೂರನೇ ವರ್ಷ 20. ಅಂದರೆ ಮೂರು ವರ್ಷ ದುಡಿದ ಮೇಲೆ ಕೈಯಲ್ಲಿ 45! ಮೂರು ವರ್ಷ ಕೋಚಿಂಗ್‌ಗೆ ಹೋದವರಿಗೆ ಈ ಲೆಕ್ಕದ ಸಂಕಟ ಅರ್ಥವಾಗುತ್ತದೆ. 385 ಅಂತ ಓದುವಾಗ ಯಾವುದೋ ವನಮಹೋತ್ಸವದಲ್ಲಿ ಒಂದೇ ದಿನ ನೆಟ್ಟಂತೆ ಕೇಳಿಸುತ್ತದೆ. ವನಮಹೋತ್ಸವದಲ್ಲಿ ನೆಡುವುದು ಸುಲಭ, ಫೋಟೊ ತೆಗೆದ ಮೇಲೆ ಯಾರು ನೀರು ಹಾಕುತ್ತಾರೆ? ಕಾಲೇಜಿನಲ್ಲಿ ನಾವೇ ನೋಡಿದ್ದೇವೆ, ಒಂದೇ ಗುಂಡಿಯಲ್ಲಿ ವರ್ಷ ವರ್ಷವೂ ಹೊಸ ಗಿಡ.

ಇವರದು ಹಾಗಲ್ಲ. ಊರ ಸುತ್ತ ಇದ್ದ ಆಲದ ಮರಗಳಿಂದಲೇ ಸಸಿ ಮಾಡಿಕೊಂಡರು. ನೆಡುತ್ತಿದ್ದದ್ದು ಹೆಚ್ಚಾಗಿ ಮಳೆಗಾಲದಲ್ಲಿ, ಬೇರು ಹಿಡಿಯುವ ತನಕ ಆಕಾಶವೇ ನೋಡಿಕೊಳ್ಳಲಿ ಎಂದು. ಬೇಸಿಗೆಗೆ ಆಕಾಶ ಕೈ ಬಿಟ್ಟಾಗ ಗಂಡ ಹೆಂಡತಿ ಸೇರಿ ನಾಲ್ಕು ಕೊಡ ನೀರು ಹೊತ್ತು ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದರು. ಆಡು, ದನಕ್ಕೆ ಆಲದ ಚಿಗುರು ಅಂದರೆ ಹಬ್ಬ, ಅದಕ್ಕೆ ಒಂದೊಂದು ಸಸಿಗೂ ಮುಳ್ಳಿನ ಬೇಲಿ. ಖರ್ಚೆಲ್ಲ ಕೂಲಿ ದುಡ್ಡಿನಲ್ಲೇ. ಸರ್ಕಾರದ ಯೋಜನೆ ಇಲ್ಲ, ಸಂಘವಿಲ್ಲ, ಪ್ರಮಾಣಪತ್ರವಿಲ್ಲ. ಇನ್ನೊಂದು ಮಾತು: ತೆಂಗೋ ಹಲಸೋ ಆಗಿದ್ದರೆ ಫಸಲಾದರೂ ಬರುತ್ತಿತ್ತು. ಆಲದ ಹಣ್ಣು ತಿನ್ನುವುದು ಹಕ್ಕಿ, ಅದರ ನೆರಳು ದಾರಿಹೋಕರದು, ನೆಲ ರಸ್ತೆಯದು. ಗುರುತು ಪರಿಚಯ ಇಲ್ಲದವರಿಗಾಗಿ ಹೊತ್ತ ನೀರು ಅದು.

ಇತಿಹಾಸ ಪುಸ್ತಕದಲ್ಲಿ ಎಲ್ಲ ರಾಜರೂ 'ಸಾಲುಮರಗಳನ್ನು ನೆಡಿಸಿದರು'. ಅಶೋಕನ ಶಾಸನದಲ್ಲೂ ದಾರಿಯ ಬದಿ ಆಲ ನೆಡಿಸಿದ ಮಾತಿದೆ. ನೆಡಿಸುವುದಕ್ಕೂ ನೆಡುವುದಕ್ಕೂ ಇರುವ ವ್ಯತ್ಯಾಸ ಕನ್ನಡ ವ್ಯಾಕರಣದಲ್ಲಿ ಒಂದೇ ಒಂದು ಪ್ರತ್ಯಯ, ಹುಲಿಕಲ್ ರಸ್ತೆಯಲ್ಲಿ ನಾಲ್ಕು ಕೊಡ.

1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ಮರಗಳ ತಂದೆ ಹೋದ ಮೇಲೆ ತಾಯಿ ಕೆಲಸ ನಿಲ್ಲಿಸಲಿಲ್ಲ. 1995ರಲ್ಲಿ ರಾಷ್ಟ್ರೀಯ ಪೌರ ಪ್ರಶಸ್ತಿ, 1997ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ, 2010ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ. ಗಮನಿಸಿ, ಈ ಪಟ್ಟಿ ಶುರುವಾಗುವುದೇ ಚಿಕ್ಕಯ್ಯ ಹೋದ ಮೇಲೆ. ಕೊಡದ ಅರ್ಧ ಭಾರ ಹೊತ್ತವರ ಹೆಸರು ಯಾವ ಪ್ರಶ್ನೆಪತ್ರಿಕೆಯಲ್ಲೂ ಕಾಣುವುದಿಲ್ಲ. 2022ರಲ್ಲಿ ರಾಜ್ಯ ಸರ್ಕಾರ ತಿಮ್ಮಕ್ಕನನ್ನು ಸಂಪುಟ ದರ್ಜೆಯ ಸ್ಥಾನಮಾನದೊಂದಿಗೆ ಪರಿಸರ ರಾಯಭಾರಿ ಮಾಡಿತು. ವಯೋಮಿತಿ ಮೀರುತ್ತಿದೆ ಎಂದು ಒದ್ದಾಡುವ ನಾವು, ನೂರು ದಾಟಿದ ಮೇಲೆ ಸರ್ಕಾರಿ ಹುದ್ದೆ ಪಡೆದ ಅಜ್ಜಿಯನ್ನು ನೋಡಿ ನಗಬೇಕೋ ಅಳಬೇಕೋ!

ಪ್ರಶಸ್ತಿಗಳಿಂದ ಎಲ್ಲ ಸರಿಹೋಯಿತು ಎಂದೇನಲ್ಲ. ಪದ್ಮಶ್ರೀ ಬಂದ ವರ್ಷವೇ ಬಾಗೇಪಲ್ಲಿ–ಹಲಗೂರು ರಸ್ತೆ ವಿಸ್ತರಣೆಗೆ ಇದೇ ಮರಗಳು ಅಡ್ಡ ಬಂದವು. ಅಜ್ಜಿ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರಿಗೆ ಮೊರೆಯಿಟ್ಟರು, ಸರ್ಕಾರ ಬೇರೆ ದಾರಿ ನೋಡಲು ಹೇಳಿತು. ನೂರು ದಾಟಿದ ತಾಯಿ ಎಪ್ಪತ್ತರ ಆಸುಪಾಸಿನ ಮಕ್ಕಳ ಪ್ರಾಣಕ್ಕಾಗಿ ಕಚೇರಿಗೆ ಅಲೆದಂತೆ. ಗಂಡನ ನೆನಪಿಗೆ ಊರಲ್ಲಿ ಒಂದು ಆಸ್ಪತ್ರೆ ಕಟ್ಟಬೇಕು ಎಂಬ ಆಸೆಯನ್ನೂ ಅವರು ಹೇಳುತ್ತಲೇ ಇದ್ದರು.

2025ರ ನವೆಂಬರ್ 14ರಂದು ತಿಮ್ಮಕ್ಕ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. 114 ವರ್ಷ ಎಂದು ಪತ್ರಿಕೆಗಳು ಬರೆದವು. ಅಂದು ಮಕ್ಕಳ ದಿನಾಚರಣೆ.

ಪರೀಕ್ಷೆಗೋ ಸಂದರ್ಶನಕ್ಕೋ ಹಾಸನದ ಕಡೆಯಿಂದ ಬೆಂಗಳೂರಿಗೆ ಹೋಗುವವರಿಗೆ ಕುದೂರು ಹೆದ್ದಾರಿಯಿಂದ ತುಸು ಒಳಗೆ ಅಷ್ಟೆ. ಹೋಗುವುದಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹೋಗಿ. ಹುಲಿಕಲ್ ಕಡೆಗೆ ಬಿಸಿಲಿನಲ್ಲಿ ಸ್ವಲ್ಪ ನಡೆದು, ಆಮೇಲೆ ಆ ಮರಗಳ ಕೆಳಗೆ ಕಾಲಿಡಿ.