ಮತ 2018ರಲ್ಲಿ, ಅಧ್ಯಕ್ಷರು 2020ರಲ್ಲಿ

ನಮ್ಮ ಹಾಸ್ಟೆಲ್‌ನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಸಾಕಷ್ಟು ಮಂದಿ ಇದ್ದೇವೆ. ಎಂಎಲ್‌ಎ ಯಾರು ಅಂದ್ರೆ ಎಲ್ಲರಿಗೂ ಗೊತ್ತು. ನಿಮ್ಮ ವಾರ್ಡಿನ ಮೆಂಬರ್ ಯಾರು ಅಂದ್ರೆ ಅರ್ಧ ಜನ ಮನೆಗೆ ಫೋನ್ ಮಾಡಬೇಕು. ಆದರೆ ಗಟಾರ ತುಂಬಿದಾಗ, ನಳಕ್ಕೆ ನೀರು ಬರದಿದ್ದಾಗ, ಮನೆಯ ಉತಾರ ಬೇಕಾದಾಗ ಅಪ್ಪ ಹೋಗುವುದು ಪುರಸಭೆಗೇ ಹೊರತು ವಿಧಾನಸೌಧಕ್ಕಲ್ಲ. ಆ ಪುರಸಭೆಯ ಚುನಾವಣೆ ಹೇಗೆ ನಡೆಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನೋದನ್ನ ಈ ಸಲ ನೋಡೋಣ.

2011ರ ಜನಗಣತಿಯಲ್ಲಿ ಈ ನಾಲ್ಕೂ ಊರುಗಳ ಜನಸಂಖ್ಯೆ 30 ಸಾವಿರದಿಂದ 40 ಸಾವಿರದ ನಡುವೆ ಇತ್ತು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ 20 ಸಾವಿರ ದಾಟಿದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ. ಇಂಥ ಪುರಸಭೆಯಲ್ಲಿ ಸಾಮಾನ್ಯವಾಗಿ 23 ವಾರ್ಡ್, ವಾರ್ಡಿಗೊಬ್ಬ ಮೆಂಬರ್. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಇಲ್ಲಿವರೆಗೆ ಸರಳ.

ಮಜಾ ಶುರುವಾಗುವುದು ಫಲಿತಾಂಶ ಬಂದ ಮೇಲೆ. ಅಧ್ಯಕ್ಷರನ್ನು ನಾವು ನೇರವಾಗಿ ಆರಿಸುವುದಿಲ್ಲ, ಮೆಂಬರುಗಳು ಆರಿಸುತ್ತಾರೆ. ಜೊತೆಗೆ ಆ ಊರಿನ ಶಾಸಕರಿಗೂ ಸಂಸದರಿಗೂ ಒಂದೊಂದು ಮತ. 23 ಕೂಡಿಸು 2, ಒಟ್ಟು 25. ಎಲ್ಲರೂ ಬಂದರೆ ಬಹುಮತಕ್ಕೆ 13 ಬೇಕು. 11 ವಾರ್ಡ್ ಗೆದ್ದ ಪಕ್ಷಕ್ಕೆ ಶಾಸಕ, ಸಂಸದ ಇಬ್ಬರೂ ತಮ್ಮವರೇ ಆಗಿದ್ದರೆ ಕುರ್ಚಿ ಸಿಕ್ಕಿತು. 12 ಗೆದ್ದವರು ಹೊರಗೆ ಕೂತು ನೋಡಬೇಕು. ಸರ್ಕಾರ ನಾಮನಿರ್ದೇಶನ ಮಾಡುವ ಸದಸ್ಯರಿಗೆ ಮಾತ್ರ ಮತ ಇಲ್ಲ. ಲೆಕ್ಕ ಇಷ್ಟು ಬಿಗಿ ಇರೋದರಿಂದಲೇ ಒಬ್ಬ ಪಕ್ಷೇತರನಿಗೂ ಆ ವಾರ ಅಷ್ಟು ಬೆಲೆ.

ಬಹುಮತ ಇದ್ದರೂ ಸಾಲದು, ಮೀಸಲಾತಿ ಪಟ್ಟಿ ಬೇಕು. ಯಾವ ಊರಿನ ಅಧ್ಯಕ್ಷ ಸ್ಥಾನ ಸಾಮಾನ್ಯ, ಯಾವುದು ಸಾಮಾನ್ಯ ಮಹಿಳೆ, ಯಾವುದು ಪರಿಶಿಷ್ಟ ಜಾತಿ, ಯಾವುದು ಹಿಂದುಳಿದ ವರ್ಗ ‘ಎ’ ಅಂತ ರಾಜ್ಯ ಸರ್ಕಾರ ಒಂದೇ ಪಟ್ಟಿ ಹೊರಡಿಸುತ್ತದೆ. ಸರದಿ ಪ್ರಕಾರ ಎಲ್ಲ ವರ್ಗಕ್ಕೂ ಅವಕಾಶ ಸಿಗಲಿ ಅಂತ ಈ ವ್ಯವಸ್ಥೆ, ಉದ್ದೇಶ ಸರಿಯಾಗೇ ಇದೆ. ತೊಂದರೆ ಏನಂದ್ರೆ ಇದು ಎಕ್ಸೆಲ್ ಶೀಟ್ ಇದ್ದ ಹಾಗೆ. ಪ್ರತಿ ವರ್ಗಕ್ಕೂ ರಾಜ್ಯಮಟ್ಟದಲ್ಲಿ ಇಷ್ಟೇ ಸ್ಥಾನ ಅಂತ ಇರುವುದರಿಂದ ಒಂದು ಊರಿನ ಸೆಲ್ ಬದಲಿಸಿದರೆ ಇನ್ನೆಲ್ಲೋ ಇನ್ನೊಂದು ಬದಲಾಗಬೇಕು. ‘ನಮ್ಮೂರಿಗೆ ಸರದಿ ತಪ್ಪಿಸಿದ್ದಾರೆ’ ಅಂತ ಯಾವುದೋ ಊರಿನವರು ಕೋರ್ಟಿಗೆ ಹೋದರೆ ಅದರ ಬಿಸಿ ಸಂಬಂಧವೇ ಇಲ್ಲದ ಊರಿಗೂ ತಟ್ಟುತ್ತದೆ.

2018ರಲ್ಲಿ ಆಗಿದ್ದು ಇದೇ. ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ಆಯಿತು, ಸೆಪ್ಟೆಂಬರ್ 3ಕ್ಕೆ ಫಲಿತಾಂಶ. ಇನ್ನಷ್ಟು ಸಂಸ್ಥೆಗಳಿಗೆ 2019ರ ಮೇ 29ರಂದು ಮತದಾನ. ಗೆದ್ದವರು ಗುಲಾಲು ಹಾರಿಸಿ ಮೆರವಣಿಗೆ ಮಾಡಿದರು. ಆಮೇಲೆ ಮೀಸಲಾತಿ ಪಟ್ಟಿ ಹೈಕೋರ್ಟಿನಲ್ಲಿ ಕೂತಿತು. ಸರ್ಕಾರ ಹೊಸ ಪಟ್ಟಿ ಹೊರಡಿಸಿದ್ದು 2020ರ ಅಕ್ಟೋಬರ್‌ನಲ್ಲಿ. ಮೊದಲು ಗೆದ್ದವರು ಎರಡು ವರ್ಷ ಹೆಸರಿಗಷ್ಟೇ ಮೆಂಬರ್. ಆ ಅವಧಿಯಲ್ಲಿ ಆಡಳಿತ ನಡೆಸಿದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು. ಅವರು ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. ಆದರೆ ಬೀದಿ ದೀಪ ಹತ್ತದಿದ್ದರೆ ‘ಮೆಂಬರ್ ಕಾಕಾ, ಏನ್ರೀ ಇದು’ ಅಂತ ಚಹಾದಂಗಡಿಯಲ್ಲಿ ನಿಲ್ಲಿಸಿ ಕೇಳಬಹುದು, ತಹಶೀಲ್ದಾರರನ್ನು ಹಾಗೆ ಕೇಳೋಕಾಗಲ್ಲ. ಮೆಂಬರ್ ಕಾಕಾ ಆಗ ‘ನನ್ನ ಕೈಯಾಗ ಏನೂ ಇಲ್ಲೋ ತಮ್ಮಾ’ ಅಂದರೆ ಅದು ನಿಜವೇ ಆಗಿತ್ತು.

ಇನ್ನೊಂದು ವಿಚಿತ್ರ ಇದೆ. ಸಂವಿಧಾನದ 243ಯು ವಿಧಿ, ಅಂದರೆ 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ, ಪುರಸಭೆಗೆ ಐದು ವರ್ಷ ಅವಧಿ ಕೊಡುತ್ತದೆ. ಆದರೆ ಗಡಿಯಾರ ಶುರುವಾಗುವುದು ಮತದಾನದ ದಿನದಿಂದ ಅಲ್ಲ, ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ. 2018ರ ಆಗಸ್ಟ್‌ನಲ್ಲಿ ಗೆದ್ದು 2020ರ ಕೊನೆಗೆ ಮೊದಲ ಸಭೆ ಕಂಡವರ ಅವಧಿ 2025ರ ಕೊನೆವರೆಗೆ ಬಂತು. ಅವರು ಗೆದ್ದಾಗ ನಾವು ಏಳನೇ ಕ್ಲಾಸು, ಅವಧಿ ಮುಗಿಯೋ ಹೊತ್ತಿಗೆ ಎರಡನೇ ವರ್ಷದ ಇಂಜಿನಿಯರಿಂಗ್. ನಡುವೆ ಇನ್ನೊಂದು ಖಾಲಿ ಬೇರೆ. ಅಧ್ಯಕ್ಷರ ಅವಧಿ 30 ತಿಂಗಳು. ಮೊದಲನೆಯವರದ್ದು 2023ರಲ್ಲೇ ಮುಗಿದರೂ ಎರಡನೆಯವರ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ.

ಎಲ್ಲ ಕಡೆ ಹೀಗೇನಾ? ಇಂಗ್ಲೆಂಡಿನಲ್ಲಿ 36 ಮೆಟ್ರೊಪಾಲಿಟನ್ ಬರೋಗಳಿವೆ. ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್ ಅಂಥದ್ದೊಂದು: 21 ವಾರ್ಡ್, ವಾರ್ಡಿಗೆ ಮೂವರಂತೆ 63 ಕೌನ್ಸಿಲರ್‌ಗಳು. ಎಲ್ಲರನ್ನೂ ಒಟ್ಟಿಗೆ ಆರಿಸುವುದಿಲ್ಲ. ಪ್ರತಿ ವಾರ್ಡಿನಲ್ಲೂ ವರ್ಷಕ್ಕೊಬ್ಬರಂತೆ ಮೂರು ವರ್ಷ ಚುನಾವಣೆ, ನಾಲ್ಕನೇ ವರ್ಷ ರಜೆ. ಮತದಾನ ಮೇ ತಿಂಗಳ ಮೊದಲ ಗುರುವಾರ, ಅದೇ ತಿಂಗಳು ಕೌನ್ಸಿಲ್ಲಿನ ವಾರ್ಷಿಕ ಸಭೆ. ಕೋವಿಡ್ ಬಂದ 2020ರಲ್ಲಿ ಚುನಾವಣೆ ಒಂದು ವರ್ಷ ಮುಂದೆ ಹೋಯಿತು, ಅದನ್ನೂ ಕಾನೂನು ಮಾಡಿಯೇ ಮುಂದೂಡಿದರು. ಅಲ್ಲಿ ನಮ್ಮಂಥ ಮೀಸಲಾತಿ ಇಲ್ಲ, ಹಾಗಾಗಿ ಹೋಲಿಕೆ ಪೂರ್ತಿ ನ್ಯಾಯವಲ್ಲ. ನಾವು ಮೀಸಲಾತಿ ಬಿಡಬೇಕಾಗಿಲ್ಲ. ಮತದಾನಕ್ಕೆ ಮೊದಲೇ ಅಧ್ಯಕ್ಷರ ಪಟ್ಟಿ ಹೊರಡಿಸಿ ತಕರಾರು ಮುಗಿಸಿಕೊಂಡರೆ ಅರ್ಧ ಕಾಯಿಲೆ ವಾಸಿ ಅನ್ನಿಸುತ್ತದೆ. ಕೋಡ್ ಡಿಪ್ಲಾಯ್ ಮಾಡಿದ ಮೇಲೆ ಟೆಸ್ಟ್ ಮಾಡ್ತೀವಾ?

ಮುಂದಿನ ಪುರಸಭೆ ಚುನಾವಣೆಯಲ್ಲಿ ನಮ್ಮಲ್ಲಿ ಬಹಳಷ್ಟು ಜನರದ್ದು ಮೊದಲ ಮತ. ವಾರ್ಡ್ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆ ಪಟ್ಟಿಯಿಂದ. ಅದರಲ್ಲಿ ಹೆಸರಿಲ್ಲದಿದ್ದರೆ ಇದರಲ್ಲೂ ಇರಲ್ಲ, ಹದಿನೆಂಟು ತುಂಬಿದವರು ಫಾರ್ಮ್ 6 ತುಂಬಬೇಕು. ಹೆಸರು ಇದ್ದರೂ ಪಕ್ಕದ ವಾರ್ಡಿಗೆ ಸೇರಿಹೋಗಿರುವುದುಂಟು. ಕರಡು ಪಟ್ಟಿ ಹಚ್ಚಿದಾಗ ಆಕ್ಷೇಪಣೆಗೆ ಸಿಗುವುದು ಕೆಲವೇ ದಿನ, ಅದು ನಮ್ಮ ಇಂಟರ್ನಲ್ಸ್ ನಡುವೆಯೇ ಬಂದರೂ ಬರಬಹುದು. ಊರಲ್ಲಿರುವ ತಮ್ಮನಿಗೋ ತಂಗಿಗೋ ಹೇಳಿ ಪುಟದ ಫೋಟೊ ತರಿಸಿಕೊಳ್ಳಿ.