ಜಗನ್ಮೋಹನದ ಗೋಡೆಯ ಮೇಲಿನ ಜಗಳ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ಬಗ್ಗೆ ಕಲಾಸಕ್ತರದು ಹಳೆಯ ದೂರು: ಅಲ್ಲಿರುವುದೆಲ್ಲ ಕಲಸುಮೇಲೋಗರ. ಅರಸರ ಭಾವಚಿತ್ರ, ಪುರಾಣದ ತೈಲಚಿತ್ರ, ಬಂಗಾಳದ ಜಲವರ್ಣ, ರೋರಿಕ್ ಬರೆದ ಹಿಮಾಲಯ, ನಡುನಡುವೆ ಗಡಿಯಾರ, ವಾದ್ಯ, ಪೀಠೋಪಕರಣ. ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಈ ಚಿತ್ರಗಳು ಯಾವ ಕ್ರಮದಲ್ಲಿ ಹುಟ್ಟಿದವು, ಒಂದರ ಬೆನ್ನಿಗೆ ಇನ್ನೊಂದು ಏಕೆ ಬಂತು ಎಂದು ಕೇಳಿಕೊಂಡರೆ, ಭಾರತೀಯ ಚಿತ್ರಕಲೆ ಮುಕ್ಕಾಲು ಶತಮಾನ ತನ್ನೊಡನೆ ತಾನೇ ನಡೆಸಿದ ವಾಗ್ವಾದ ಇಲ್ಲಿ ಒಂದೇ ಸೂರಿನಡಿ ಕಾಣಸಿಗುತ್ತದೆ. ಇಂಥ ಅವಕಾಶ ದಕ್ಷಿಣದಲ್ಲಿ ಬೇರೆಡೆ ಸುಲಭವಾಗಿ ಸಿಗದು.

ಮುಮ್ಮಡಿ ಕೃಷ್ಣರಾಜ ಒಡೆಯರು ಈ ಅರಮನೆಯನ್ನು ಕಟ್ಟಿಸಿದ್ದು 1861ರಲ್ಲಿ. ಆಗ ಚಿತ್ರವೆಂದರೆ ಗೋಡೆಯ ಮೇಲೇ ಬರೆದದ್ದು: ಒಡೆಯರ ವಂಶವೃಕ್ಷ, ದಸರಾ ಮೆರವಣಿಗೆ. ಸಂಪ್ರದಾಯದ ಚಿತ್ರಗಾರರ ಕೈಯಲ್ಲಿ ಮೂಡಿದ ಈ ಭಿತ್ತಿಚಿತ್ರಗಳಿಗೆ ನೆರಳು ಬೆಳಕಿನ ಹಂಗಿಲ್ಲ. ಯಾರು ಯಾರಿಗೆ ಏನಾಗಬೇಕು, ಯಾರ ಸ್ಥಾನ ಎಲ್ಲಿ ಎಂಬುದು ಸ್ಪಷ್ಟವಾದರೆ ಸಾಕು. ರಾಜಾ ರವಿವರ್ಮ ಈ ಲೋಕಕ್ಕೆ ತಂದದ್ದು ಯುರೋಪಿನ ತೈಲವರ್ಣವನ್ನು. 1885ರಲ್ಲಿ ಮೈಸೂರಿಗೆ ಬಂದು ರಾಜಮನೆತನದವರ ಭಾವಚಿತ್ರ ಬರೆದ ಅವರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಪೌರಾಣಿಕ ಚಿತ್ರಗಳ ಕೆಲಸವೂ ಸಿಕ್ಕಿತು. ದೇವತೆಗಳಿಗೆ ಮೈತೂಕ ಬಂತು. ರೇಷ್ಮೆ ಸೀರೆಯ ನೆರಿಗೆಯಲ್ಲಿ ಬೆಳಕು ಹೊಳೆಯಿತು. ಅದನ್ನು ಅಷ್ಟೇ ಬಲವಾಗಿ ತಿರಸ್ಕರಿಸಿದವರೂ ಇದ್ದರು. ಬಂಗಾಳದ ಅವನೀಂದ್ರನಾಥ ಠಾಕೂರರ ಬಳಗಕ್ಕೆ ಈ ಮೈತೂಕವೇ ಪರಕೀಯ. ಅವರು ಅಜಂತಾ, ಮೊಘಲ್ ಚಿತ್ರ, ಜಪಾನಿನ ತೆಳುವರ್ಣಗಳತ್ತ ಹೊರಳಿದರು. ಇದೇ ಮೈಸೂರು ಕೆ. ವೆಂಕಟಪ್ಪನವರನ್ನು ಅವನೀಂದ್ರರ ಬಳಿ ಕಲಿಯಲು ಕಲ್ಕತ್ತೆಗೆ ಕಳಿಸಿತ್ತು ಎಂಬುದನ್ನು ಮರೆಯಬಾರದು. 1915ರಲ್ಲಿ ಅರಮನೆ ಚಿತ್ರಶಾಲೆಯಾಯಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ನೆರವಿನಿಂದ ಆಧುನಿಕ ಭಾರತೀಯ ಚಿತ್ರಗಳ ವಿಭಾಗ ಇಲ್ಲಿ ರೂಪುಗೊಂಡಿತು. ಇಂದು ನಾವು ಹಳೆಯದೆಂದು ಗೌರವಿಸುವ ಬಂಗಾಳ ಶೈಲಿ ಆಗ ಸಮಕಾಲೀನವಾಗಿತ್ತು, ವಿವಾದದಲ್ಲೂ ಇತ್ತು. ರವಿವರ್ಮನನ್ನು ಒಪ್ಪದವರ ಕೃತಿಗಳು ರವಿವರ್ಮನ ಮನೆಗೇ ಬಂದವು.

ಇದು ದೂರದೃಷ್ಟಿಯಲ್ಲ, ಬರಿಯ ರಾಜರ ಶೋಕಿ ಎನ್ನಬಹುದು. ಇರಬಹುದು. ಸಂಗ್ರಹಿಸಿದವರ ಮನಸ್ಸಿನಲ್ಲಿ ವಾಗ್ವಾದವನ್ನು ತೋರಿಸುವ ಯೋಜನೆ ಇತ್ತೆಂದು ನಾನೂ ಹೇಳಲಾರೆ. ಆದರೆ ಎರಡು ಪಕ್ಷಗಳಲ್ಲಿ ಒಂದನ್ನು ಹೊರಗಿಡಲಿಲ್ಲವಲ್ಲ, ಆ ಔದಾರ್ಯದ ಫಲ ನಮ್ಮ ಕಣ್ಣೆದುರಿಗಿದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಜನ ಬರುವುದು ಒಂದೇ ಚಿತ್ರಕ್ಕಾಗಿ, ದೀಪ ಹಿಡಿದ ಹೆಂಗಸಿನ ಮುಂದೆ ನಿಂತು ಹೊರಟುಬಿಡುತ್ತಾರೆ, ಅವರಿಗೆ ಈ ಚರ್ಚೆ ಯಾಕೆ? ಆ ಚಿತ್ರವೇ ಉತ್ತರ. ಅದನ್ನು ಎಷ್ಟೋ ಮಂದಿ ಇಂದಿಗೂ ರವಿವರ್ಮನದೆಂದು ನಂಬಿದ್ದಾರೆ. ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಣಕರ್, 1940ರ ದಶಕದಲ್ಲಿ, ರವಿವರ್ಮ ತೀರಿಕೊಂಡು ಸುಮಾರು ನಾಲ್ಕು ದಶಕದ ನಂತರ. ಅದು ತೈಲಚಿತ್ರವೂ ಅಲ್ಲ, ಜಲವರ್ಣ. ಬೆರಳ ಸಂದಿಯಿಂದ ತೂರುವ ಆ ಬೆಳಕನ್ನು ನೀರುಬಣ್ಣದಲ್ಲಿ ಹಿಡಿಯಬೇಕಾದರೆ ಬಿಳಿಯ ಕಾಗದವನ್ನೇ ಬೆಳಕಾಗಿ ಉಳಿಸಿಕೊಳ್ಳಬೇಕು. ತಪ್ಪಿದರೆ ಮೇಲೆ ಬಣ್ಣ ಬಳಿದು ತಿದ್ದುವುದು ಕಷ್ಟ. ಬಂಗಾಳದವರು ವಾಸ್ತವವನ್ನು ಕರಗಿಸಲು ಬಳಸಿದ ಮಾಧ್ಯಮದಲ್ಲೇ ಬಾಂಬೆಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರೊಬ್ಬರು ವಾಸ್ತವವನ್ನು ಮತ್ತೆ ಗೆಲ್ಲಿಸಿದರು. ಆ ಚಿತ್ರದ ಮುಂದೆ ನೆರೆಯುವ ಜನರಿಗೆ ಇದನ್ನು ಹೇಳಿದರೆ ಅವರ ಬೆರಗು ಕಡಿಮೆಯಾಗುವುದಿಲ್ಲ, ಪಕ್ಕದ ಕೋಣೆಯ ಮಸುಕು ಬಣ್ಣಗಳ ಚಿತ್ರಗಳನ್ನು ನೋಡಲು ಅವರಿಗೊಂದು ಕಾರಣ ಸಿಗುತ್ತದೆ.

ಹಾಗಾಗಿ ಹಳೆಯದನ್ನೂ ಹೊಸದನ್ನೂ ಬೇರೆಬೇರೆ ಕಟ್ಟಡಕ್ಕೆ ಸಾಗಿಸಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬೇರ್ಪಡಿಸಿದರೆ ರವಿವರ್ಮ ಪೂಜೆಯ ವಸ್ತುವಾಗುತ್ತಾನೆ, ಬಂಗಾಳದವರು ಕಲಾ ವಿದ್ಯಾರ್ಥಿಗಳ ಪಠ್ಯವಾಗುತ್ತಾರೆ. ಒಟ್ಟಿಗಿರಲಿ, ಪ್ರತಿ ಚಿತ್ರದ ಕೆಳಗೆ ಇಸವಿ, ಮಾಧ್ಯಮ, ಕಲಾವಿದ ಯಾವ ಮಾತಿಗೆ ಎದುರುಮಾತು ಆಡುತ್ತಿದ್ದ ಎಂಬ ಎರಡು ಸಾಲು ಕನ್ನಡದಲ್ಲಿ ಇರಲಿ.